ಮಕ್ಕಳ ಡಬ್ಬಿಯಲ್ಲಿ ಏನಿರಬೇಕು ಅಂತ ಶಾಲೆ ಹೇಳಬಹುದಾ?

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ‘ಮಗು ಊಟ ಮಾಡಲ್ಲ’ ಅಂತ ಬರೆಯುತ್ತಿದ್ದವರು ಈಗ ‘ಡಬ್ಬಿಗೆ ಹಾಕಿದ್ದನ್ನು ಮಿಸ್ ಬೇಡ ಅಂದರು’ ಅಂತ ಬರೆಯುತ್ತಾರೆ. ಈ ಸಲ ಅಂಥವೇ ಐದು ಪತ್ರ ಆರಿಸಿಕೊಂಡಿದ್ದೇನೆ. ನಾನು ಆಹಾರ ತಜ್ಞೆ, ವಕೀಲೆ ಅಲ್ಲ. ಆದರೆ ಈ ವಿಷಯದಲ್ಲಿ ಕಾನೂನಿನ ಮಾತು ಬಾರದೆ ಇರುವುದಿಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ: ಮಗಳು ಯುಕೆಜಿ. ಶಾಲೆಯವರು ವಾರದ ಚಾರ್ಟ್ ಕೊಟ್ಟಿದ್ದಾರೆ. ಸೋಮವಾರ ಇಡ್ಲಿ, ಮಂಗಳವಾರ ಚಪಾತಿ ಪಲ್ಯ, ಬುಧವಾರ ತರಕಾರಿ ಪಲಾವ್, ಹೀಗೆ. ಹೋದ ಬುಧವಾರ ಬೆಳಗ್ಗೆ ಕರೆಂಟ್ ಹೋಗಿ ಮಸಾಲೆ ರುಬ್ಬಲು ಆಗಲಿಲ್ಲ, ಚಿತ್ರಾನ್ನ ಕಳಿಸಿದೆ. ‘ಮೆನು ಪ್ರಕಾರ ಇಲ್ಲ’ ಅಂತ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು. ಇನ್ನೊಂದು ದಿನ ಮ್ಯಾಗಿ ಹಾಕಿದ್ದಕ್ಕೆ ತಿನ್ನಲು ಬಿಡದೆ ಡಬ್ಬಿಯನ್ನು ಹಾಗೇ ವಾಪಸ್ ಕಳಿಸಿದರು. ಮಗು ಹಸಿದುಕೊಂಡು ಬಂತು. ಇದು ಸರೀನಾ?
— ತುಮಕೂರಿನ ಒಬ್ಬ ತಾಯಿ

ಉತ್ತರ: ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಶಾಲೆಗೆ ಇಂಥದ್ದೇ ಚಾರ್ಟ್ ಬರೆದುಕೊಟ್ಟವಳು ನಾನು. ಗುರುವಾರ ಮೊಳಕೆಕಾಳಿನ ದಿನ. ನನಗೆ ಆ ಚಾರ್ಟ್ ಮೇಲೆ ಹೆಮ್ಮೆಯೇ ಇತ್ತು. ಒಂದು ತಿಂಗಳು ಬಿಟ್ಟು ಮಧ್ಯಾಹ್ನ ನೋಡಲು ಹೋದೆ. ಮಕ್ಕಳು ವರಾಂಡದಲ್ಲಿ ಚಾಪೆ ಹಾಸಿಕೊಂಡು ಸಾಲಾಗಿ ಕೂತಿದ್ದರು. ಎರಡನೇ ಕ್ಲಾಸಿನ ಒಬ್ಬ ಹುಡುಗ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಎಡಗೈಯಲ್ಲಿ ನಿಲ್ಲಿಸಿ, ಅಡ್ಡ ಹಿಡಿದು, ಅದರ ಹಿಂದೆ ತಿನ್ನುತ್ತಿದ್ದ. ಬಗ್ಗಿ ನೋಡಿದೆ. ರಾತ್ರಿ ಉಳಿದ ಅನ್ನಕ್ಕೆ ಹುಳಿ ಕಲಸಿದ್ದು. ‘ನಿಂದೇನೋ ಪುಟ್ಟ ಇವತ್ತು?’ ಅಂತ ಪ್ರೀತಿಯಿಂದಲೇ ಕೇಳಿದೆ. ಡಬ್ಬಿ ಮುಚ್ಚಿ ‘ಹಸಿವಿಲ್ಲ ಮಿಸ್’ ಅಂದ. ಮತ್ತೆ ತೆಗೆಯಲೇ ಇಲ್ಲ. ಅವನು ಆ ಮಧ್ಯಾಹ್ನ ಉಪವಾಸ ಇದ್ದದ್ದು ನನ್ನ ಚಾರ್ಟಿನಿಂದ. ಅದಾದ ಮೇಲೆ ಯಾವ ಶಾಲೆಗೂ ದಿನಕ್ಕೊಂದು ತಿಂಡಿಯ ಚಾರ್ಟ್ ಬರೆದುಕೊಟ್ಟಿಲ್ಲ.

ಚಿತ್ರಾನ್ನದಲ್ಲಿ ಯಾವ ದೋಷವೂ ಇಲ್ಲ. ಕಡಲೆಬೇಳೆ, ಶೇಂಗಾ ಕೈತುಂಬ ಹಾಕಿದ್ದರೆ ತರಕಾರಿ ನಾಲ್ಕೇ ನಾಲ್ಕು ಚೂರು ಬಿದ್ದ ಪಲಾವ್‌ಗಿಂತ ಅದೇ ಮೇಲು. ಡೈರಿಯ ಕೆಂಪು ಇಂಕು ನಿಮಗೆ ಬರೆದದ್ದು ಇರಬಹುದು. ಆದರೆ ಡೈರಿ ಇರುವುದು ಮಗುವಿನ ಬ್ಯಾಗಿನಲ್ಲಿ. ಯುಕೆಜಿ ಮಗುವಿಗೆ ಓದಲು ಬರದಿದ್ದರೂ ಕೆಂಪು ಇಂಕು ಅಂದರೆ ಏನು ಅಂತ ಚೆನ್ನಾಗಿ ಗೊತ್ತು.

ಮ್ಯಾಗಿ ವಿಷಯದಲ್ಲಿ ಶಾಲೆ ಹೇಳುವುದರಲ್ಲಿ ಹುರುಳಿದೆ, ಬೇಜಾರು ಮಾಡಿಕೊಳ್ಳಬೇಡಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೂ ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) 2020ರಲ್ಲೇ ನಿಯಮ ಮಾಡಿದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ತಿನಿಸಿನಲ್ಲಿ, ಯಾವ ಕೂಲ್‌ಡ್ರಿಂಕ್‌ನಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ಕಾಣುವಂತೆ ಬರೆದು ಹಾಕುವ ಬೋರ್ಡು ಅದು. 4ರಿಂದ 10 ವರ್ಷದ ಮಕ್ಕಳಿಗೆ ದಿನದ ಶಕ್ತಿಯಲ್ಲಿ ಶೇ 13ರಷ್ಟು ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಶೇ 5 ಅಂತ ಅದೇ ಸುತ್ತೋಲೆಯಲ್ಲಿದೆ. ಹಾಗಾಗಿ ಶಾಲೆಗೆ ಚಿಂತೆ ಆಗುವುದು ಸಹಜ.

ಆದರೆ ಗಮನಿಸಿ, ಆ 2020ರ ನಿಯಮ ಮಾರುವವರಿಗೆ. ಅಮ್ಮ ಕಟ್ಟಿಕೊಟ್ಟ ಡಬ್ಬಿಗೆ ಅಲ್ಲ. ಡಬ್ಬಿಯಲ್ಲಿ ಇದು ಬೇಡ ಅಂತ ಶಾಲೆ ಪೋಷಕರನ್ನು ಕೇಳಿಕೊಳ್ಳಬಹುದು, ಮೀಟಿಂಗ್‌ನಲ್ಲಿ ಒಪ್ಪಿಸಬಹುದು. ಐದು ವರ್ಷದ ಮಗುವನ್ನು ಹಸಿದಿಟ್ಟು ಅಮ್ಮನಿಗೆ ಪಾಠ ಕಲಿಸುವುದು ಯಾವ ಆಹಾರ ಶಾಸ್ತ್ರದಲ್ಲೂ ಇಲ್ಲ. ಹೆಡ್‌ಮಿಸ್ ಹತ್ತಿರ ಹೋಗಿ ಇಷ್ಟೇ ಕೇಳಿ: ‘ಇಷ್ಟವಾಗದ್ದು ಬಂದರೆ ನನಗೆ ಫೋನ್ ಮಾಡಿ. ಆದರೆ ಅವತ್ತಿನ ಡಬ್ಬಿ ಅವಳು ಅವತ್ತು ತಿನ್ನಲಿ.’ ಇದಕ್ಕೆ ಇಲ್ಲ ಅನ್ನುವವರನ್ನು ನಾನು ನೋಡಿಲ್ಲ.

ಕರೆಂಟ್ ಹೋದ ದಿನಕ್ಕೆ ಒಂದು ಉಪಾಯ. ಬೆಳಗ್ಗೆ ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಪೂರ್ತಿ ಹಾಲಿನಲ್ಲೇ ಕಲಸಿ. ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಹಾಕಿ. ಮಧ್ಯಾಹ್ನಕ್ಕೆ ಹುಳಿಯಾಗದ ಮೊಸರನ್ನ ತಯಾರಾಗಿರುತ್ತದೆ. ಜೊತೆಗೆ ಸಣ್ಣ ಡಬ್ಬಿಯಲ್ಲಿ ದಾಳಿಂಬೆ ಕಾಳು ಇಟ್ಟರೆ ಆಯ್ತು. ಮುಚ್ಚಳ ಅವಳ ಕೈಯಲ್ಲಿ ತೆಗೆಯಲು ಬರುತ್ತದಾ ಅಂತ ಮನೆಯಲ್ಲಿ ಒಮ್ಮೆ ನೋಡಿ. ಅರ್ಧ ಡಬ್ಬಿ ವಾಪಸ್ ಬರುವುದು ಎಷ್ಟೋ ಸಲ ರುಚಿಯಿಂದಲ್ಲ, ರಬ್ಬರ್ ರಿಂಗ್ ಬಿಗಿಯಾಗಿರುವುದರಿಂದ.

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸ್. ತೂಕ ಕಡಿಮೆ ಅಂತ ಡಾಕ್ಟರ್ ದಿನಾ ಒಂದು ಮೊಟ್ಟೆ ಹೇಳಿದ್ದಾರೆ. ಬೆಳಗ್ಗೆ ತಿನ್ನಲ್ಲ, ಡಬ್ಬಿಗೆ ಹಾಕುತ್ತೇನೆ. ಶಾಲೆಯಲ್ಲಿ ‘ವಾಸನೆ ಬರುತ್ತೆ, ಆ ಕಡೆ ಬೆಂಚಿಗೆ ಹೋಗಿ ತಿನ್ನು’ ಅಂದರಂತೆ. ಈಗ ಅವಳೇ ‘ಅಮ್ಮಾ, ಮೊಟ್ಟೆ ಬೇಡ’ ಅನ್ನುತ್ತಾಳೆ.
— ಶಿವಮೊಗ್ಗದ ಓದುಗರು

ಉತ್ತರ: ಮೂಲಂಗಿ ಹುಳಿಯ ವಾಸನೆಗೆ ಯಾರಾದರೂ ಬೆಂಚು ಬದಲಿಸಿದ್ದನ್ನು ಕೇಳಿದ್ದೀರಾ? ಹಲಸಿನ ಹಣ್ಣಿನ ವಾಸನೆಗೆ? ವಾಸನೆ ಅನ್ನುವುದು ಇಲ್ಲಿ ನೆಪ. ಒಳಗಿರುವ ಮಾತು ಬೇರೆ, ಅದು ನಿಮಗೂ ಗೊತ್ತು, ಶಾಲೆಗೂ ಗೊತ್ತು.

ಇದೇ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ಸರ್ಕಾರವೇ ಮೊಟ್ಟೆ ಕೊಡುತ್ತದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಕಡೆ ಶುರುವಾದದ್ದು ಆಮೇಲೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುತ್ತಾರೆ. ಒಂದೇ ಸಾಲಿನಲ್ಲಿ ಕೂತು ಒಬ್ಬರು ಅದು, ಒಬ್ಬರು ಇದು ತಿನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಹತ್ತಿರಹತ್ತಿರ 6 ಗ್ರಾಂ ಪ್ರೋಟೀನ್ ಇದೆ. ತೂಕ ಕಡಿಮೆ ಇರುವ ಒಂಬತ್ತು ವರ್ಷದ ಹುಡುಗಿಗೆ ಅದು ಸಣ್ಣ ಮಾತಲ್ಲ.

ಖಾಸಗಿ ಶಾಲೆ ತನ್ನ ಅಡುಗೆಮನೆಯಲ್ಲಿ ಏನು ಬೇಯಿಸಬೇಕು ಅಂತ ನಿರ್ಧರಿಸಿಕೊಳ್ಳಲಿ. ಮಗುವನ್ನು ಎಬ್ಬಿಸಿ ಬೇರೆ ಕೂರಿಸುವುದು ಮಾತ್ರ ಮೆನು ವಿಷಯ ಅಲ್ಲವೇ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯಬಾರದು ಅಂತ ಮಾತ್ರ ಹೇಳುವುದಿಲ್ಲ, ಮಾನಸಿಕ ಕಿರುಕುಳವನ್ನೂ ಸ್ಪಷ್ಟವಾಗಿ ನಿಷೇಧಿಸುತ್ತದೆ. ಉತ್ತರ ಪ್ರದೇಶದ ಅಮ್ರೋಹಾದಲ್ಲಿ 2024ರಲ್ಲಿ ಡಬ್ಬಿಯಲ್ಲಿ ಮಾಂಸಾಹಾರ ತಂದ ಅಂತ ಒಬ್ಬ ಪುಟ್ಟ ಹುಡುಗನನ್ನು ಶಾಲೆಯಿಂದಲೇ ಹೊರಗಿಟ್ಟ ಸುದ್ದಿ ನೀವೂ ಓದಿರಬಹುದು. ತಾಯಿ ಅಲಹಾಬಾದ್ ಹೈಕೋರ್ಟಿಗೆ ಹೋದರು. ಮಕ್ಕಳಿಗೆ ಬೇರೆ ಶಾಲೆಯಲ್ಲಿ ಸೀಟು ಕೊಡಿಸಿ ಅಂತ ಕೋರ್ಟು ಜಿಲ್ಲಾಧಿಕಾರಿಗೆ ಹೇಳಬೇಕಾಯಿತು. ಒಂದು ಡಬ್ಬಿಯ ಮಾತು ಹೈಕೋರ್ಟ್ ತನಕ ಹೋಯಿತು ನೋಡಿ.

ನಿಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಕ್ಕಿಲ್ಲ. ಡಾಕ್ಟರ ಚೀಟಿಯ ಜೆರಾಕ್ಸ್ ಇಟ್ಟು ಮುಖ್ಯಶಿಕ್ಷಕರಿಗೆ ಒಂದು ಕಾಗದ ಬರೆಯಿರಿ. ‘ಮೊಟ್ಟೆ ತರಬಾರದು ಅನ್ನುವ ನಿಯಮ ಇದ್ದರೆ ಲಿಖಿತವಾಗಿ ಕೊಡಿ’ ಅಂತ ಕೇಳಿ. ಬಾಯಲ್ಲಿ ಹೇಳುವ ಎಷ್ಟೋ ನಿಯಮ ಕಾಗದಕ್ಕೆ ಇಳಿಯುವುದೇ ಇಲ್ಲ. ಬೆಂಚು ಬದಲಿಸುವುದು ನಿಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇದ್ದಾರೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ಮಕ್ಕಳ ಸಹಾಯವಾಣಿ 1098 ಇದೆ.

ಅಡುಗೆಮನೆಯ ಮಾತೂ ಒಂದಿದೆ. ಮೊಟ್ಟೆಯನ್ನು ಅತಿಯಾಗಿ ಬೇಯಿಸಿದರೆ ಹಳದಿಯ ಸುತ್ತ ಹಸಿರು ಬಣ್ಣದ ಗೆರೆ ಬರುತ್ತದೆ, ಗಂಧಕದ ವಾಸನೆಯೂ ಆಗಲೇ. ನೀರು ಕುದಿ ಬಂದ ಮೇಲೆ ಒಂಬತ್ತು–ಹತ್ತು ನಿಮಿಷ ಸಾಕು. ತಕ್ಷಣ ತಣ್ಣೀರಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಬಿಸಿ ಮುಚ್ಚಬೇಡಿ. ಇದನ್ನು ಹೇಳಿದ್ದು ಮೊಟ್ಟೆ ಚೆನ್ನಾಗಿರಲಿ ಅಂತ. ಬಚ್ಚಿಟ್ಟು ತಿನ್ನಲಿ ಅಂತ ಅಲ್ಲ.

ಮೊಟ್ಟೆ ತಿನ್ನದ ಮನೆಯವರೂ ನನಗೆ ಬರೆಯುತ್ತಾರೆ. ಪಕ್ಕದ ಮಗುವಿನ ಡಬ್ಬಿಯಿಂದ ನಮ್ಮ ಮಗು ತಿಂದುಬಿಟ್ಟರೆ ಅನ್ನುವ ಆತಂಕ ಅವರದು. ಅದೂ ನಿಜವಾದ ಆತಂಕವೇ. ಅದಕ್ಕೆ ‘ಕೇಳದೆ ಯಾರ ಡಬ್ಬಿಗೂ ಕೈ ಹಾಕಬೇಡ’ ಅಂತ ಕಲಿಸಿದರೆ ಆಯಿತು. ಅಲರ್ಜಿ ಇರುವ ಮಕ್ಕಳಿಗೂ ಅದೇ ಪಾಠ ಬೇಕು.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗ ಇಯರ್ ಫೋರ್, ಮಗಳು ರಿಸೆಪ್ಷನ್, ಅಂದರೆ ಒಂದನೇ ಕ್ಲಾಸಿಗೆ ಮುಂಚಿನ ವರ್ಷ. ಧಾರವಾಡದಿಂದ ಅತ್ತೆ ಕಳಿಸಿದ ಶೇಂಗಾ ಚಟ್ನಿಪುಡಿ, ತುಪ್ಪ ಸವರಿ ಚಪಾತಿ ಸುರುಳಿ ಕಳಿಸಿದ್ದಕ್ಕೆ ಶಾಲೆಯಿಂದ ಕಟುವಾದ ಇಮೇಲ್ ಬಂತು. ಇನ್ನೊಂದು ದಿನ ಚಕ್ಕುಲಿಯನ್ನು ಕ್ರಿಸ್ಪ್ಸ್ (ನಮ್ಮ ಚಿಪ್ಸ್) ಅಂತ ತೆಗೆದಿಟ್ಟರು. ನಮ್ಮ ಊಟ ಅಂದರೆ ಇವರಿಗೆ ಆಗಲ್ಲ ಅಂತ ನಮ್ಮೆಜಮಾನರು ಸಿಟ್ಟಾಗಿದ್ದಾರೆ.

ಉತ್ತರ: ಶೇಂಗಾ ಮತ್ತು ಚಕ್ಕುಲಿ, ಎರಡೂ ಒಂದೇ ಅಲ್ಲ. ಶೇಂಗಾದಲ್ಲಿ ಶಾಲೆ ಹೇಳಿದ್ದಕ್ಕೆ ಎದುರು ಮಾತಾಡಬೇಡಿ. ಕ್ಲಾಸಿನಲ್ಲಿ ಒಂದು ಮಗು ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಔಷಧ) ಇಟ್ಟುಕೊಂಡು ಓಡಾಡುತ್ತಿರಬಹುದು. ತೀವ್ರ ಅಲರ್ಜಿ ಇರುವ ಮಗುವಿಗೆ ಬೆರಳಿಗೆ ಅಂಟಿದ ಪುಡಿಯೂ ಬಾಯಿಗೆ ಹೋದರೆ ಅಪಾಯ. ನಮ್ಮಲ್ಲಿ ಶೇಂಗಾ ಬಡವರ ಬಾದಾಮಿ. ಅಲ್ಲಿ ಅದೇ ಕಾಳಿಗೆ ಆಂಬುಲೆನ್ಸ್ ಕರೆಯಬೇಕಾಗಬಹುದು.

ಇದಕ್ಕೊಂದು ಕುತೂಹಲದ ಕಥೆ ಇದೆ. ಅಲರ್ಜಿಗೆ ಹೆದರಿ ಮಕ್ಕಳಿಗೆ ಶೇಂಗಾ ತಡವಾಗಿ ಕೊಡಿ ಅಂತ ಬ್ರಿಟನ್‌ನಲ್ಲಿ ಬಹಳ ಕಾಲ ಹೇಳುತ್ತಿದ್ದರು. 2015ರಲ್ಲಿ ಲಂಡನ್‌ನ ಕಿಂಗ್ಸ್ ಕಾಲೇಜಿನವರ ‘ಲೀಪ್’ ಅಧ್ಯಯನ ಆ ಮಾತನ್ನೇ ತಿರುಗಿಸಿತು. ಅಲರ್ಜಿ ಬರುವ ಸಾಧ್ಯತೆ ಜಾಸ್ತಿ ಇದ್ದ 640 ಹಸುಗೂಸುಗಳಲ್ಲಿ ಅರ್ಧ ಮಕ್ಕಳಿಗೆ ಶೇಂಗಾದ ತಿನಿಸು ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. ಐದು ವರ್ಷದ ಹೊತ್ತಿಗೆ ಕೊಡದವರಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ ಇತ್ತು. ಕೊಟ್ಟವರಲ್ಲಿ ಶೇ 3.2. ಆದರೆ ಈಗಾಗಲೇ ಅಲರ್ಜಿ ಇರುವ ಮಗುವಿಗೆ ಇದರಿಂದ ಪ್ರಯೋಜನ ಇಲ್ಲ. ನಿಮ್ಮ ಮಗನ ಪಕ್ಕ ಕೂರುವುದು ಅಂಥ ಮಗುವೇ ಇರಬಹುದಲ್ವಾ.

ಬದಲಿಗೆ ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಹುರಿಗಡಲೆ ಪುಡಿ ಕಳಿಸಬಹುದು. ಧಾರವಾಡದ ಅತ್ತೆಗೆ ನಾನು ಹೇಳಿಕೊಡಬೇಕಾಗಿಲ್ಲ ಬಿಡಿ! ಆದರೆ ಒಂದು ಮಾತು ಅವರಿಗೆ ತಿಳಿಸಿ: ಶೇಂಗಾ ಪುಡಿ ಮಾಡಿದ ಮಿಕ್ಸಿ ಜಾರಿನಲ್ಲೇ ಇವನ್ನು ಮಾಡಬಾರದು. ಬ್ರಿಟನ್‌ನ ಅಲರ್ಜಿ ಪಟ್ಟಿಯಲ್ಲಿ 14 ಪದಾರ್ಥ ಇವೆ. ಅದರಲ್ಲಿ ಎಳ್ಳೂ ಇದೆ, ಸಾಸಿವೆಯೂ ಇದೆ. ಸಾಸಿವೆ ಬಿಟ್ಟರೆ ನಮ್ಮ ಒಗ್ಗರಣೆಯಲ್ಲಿ ಉಳಿಯುವುದೇನು ಅಂತ ನಗು ಬರಬಹುದು. ಶಾಲೆ ನಟ್ಸ್ ಮಾತ್ರ ಬೇಡ ಅಂದಿದ್ದರೆ ಸಾಸಿವೆಗೆ ಚಿಂತೆ ಬೇಡ. ಬೇರೆ ಯಾವುದಕ್ಕಾದರೂ ಅಲರ್ಜಿ ಇರುವ ಮಗು ಕ್ಲಾಸಿನಲ್ಲಿದೆಯಾ ಅಂತ ಒಮ್ಮೆ ಕೇಳಿಕೊಳ್ಳಿ. ಕೊಬ್ಬರಿ ಆ 14ರಲ್ಲಿ ಇಲ್ಲ.

ಇನ್ನು ಚಕ್ಕುಲಿ. ಇಂಗ್ಲೆಂಡಿನಲ್ಲಿ 2015ರ ಜನವರಿಯಿಂದ ಜಾರಿಯಲ್ಲಿರುವ ಶಾಲಾ ಆಹಾರದ ನಿಯಮಗಳು ಶಾಲೆ ಬಡಿಸುವ ಊಟಕ್ಕೆ ಅನ್ವಯಿಸುತ್ತವೆ. ಮನೆಯಿಂದ ತರುವ ಡಬ್ಬಿಗೆ ಅಲ್ಲ. ಆದರೆ ಡಬ್ಬಿಗೂ ನಿಯಮ ಮಾಡುವ, ಡಬ್ಬಿ ತೆರೆದು ನೋಡುವ ಅವಕಾಶ ಶಾಲೆಗಳಿಗೆ ಇದೆ ಅಂತ ಅಲ್ಲಿನ ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಹೇಳಿತ್ತು. ಶಾಲೆಗಳು ಯಾಕೆ ಹೀಗೆ ಮಾಡುತ್ತವೆ ಅಂದರೆ ಅಲ್ಲಿನವರ ಡಬ್ಬಿಗಳೇ ಅಷ್ಟು ಕೆಟ್ಟಿವೆ. ಲೀಡ್ಸ್ ವಿಶ್ವವಿದ್ಯಾಲಯದವರು ಪ್ರೈಮರಿ ಮಕ್ಕಳ ಡಬ್ಬಿ ತೆರೆದು ನೋಡಿದಾಗ ಶಾಲೆಯ ಊಟದ ಮಟ್ಟ ಮುಟ್ಟಿದ್ದು ಶೇ 1.6 ಮಾತ್ರ. ನೂರರಲ್ಲಿ ಎರಡೂ ಪೂರ್ತಿ ಇಲ್ಲ. ಹಾಗಾಗಿ ಅವರ ಸಿಟ್ಟು ಕ್ರಿಸ್ಪ್ಸ್ ಮೇಲೆ, ನಿಮ್ಮ ಚಕ್ಕುಲಿ ಅದರ ನಡುವೆ ಸಿಕ್ಕಿಬಿತ್ತು. ಆದರೂ ನ್ಯಾಯವಾಗಿ ಹೇಳಬೇಕಂದರೆ ಚಕ್ಕುಲಿಯೂ ಕರಿದದ್ದೇ ತಾನೆ.

ಅದೇ ನಿಯಮಗಳ ಪ್ರಕಾರ ಶಾಲೆಯೇ ವಾರಕ್ಕೆ ಎರಡು ಸಲದ ತನಕ ಕರಿದದ್ದು ಬಡಿಸಬಹುದು. ಇದನ್ನು ಇಟ್ಟುಕೊಂಡು ನಗುನಗುತ್ತಾ ಮಾತಾಡಿ: ‘ಇದು ಅಕ್ಕಿಹಿಟ್ಟು, ಉದ್ದಿನಹಿಟ್ಟಿನದ್ದು, ಮನೆಯಲ್ಲಿ ಮಾಡಿದ್ದು. ಶುಕ್ರವಾರಕ್ಕೊಂದು ಕಳಿಸಲಾ?’ ನಿಮ್ಮ ಪಾಲಕ್ ಚಪಾತಿ, ಕಾಳಿನ ಪಲ್ಯ ನೋಡಿದ ಟೀಚರ್ ಒಂದು ಚಕ್ಕುಲಿಗೆ ಜಗಳ ಆಡಲಿಕ್ಕಿಲ್ಲ. ಮಗಳ ಬಗ್ಗೆ ಇನ್ನೊಂದು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್‌ನಿಂದ ಇಯರ್ ಟೂ ತನಕ ಎಲ್ಲ ಮಕ್ಕಳಿಗೂ 2014ರಿಂದ ಊಟ ಉಚಿತ. ವಾರಕ್ಕೆ ಎರಡು ದಿನ ಅಲ್ಲಿನ ಊಟ, ಮೂರು ದಿನ ಡಬ್ಬಿ ಮಾಡಿ ನೋಡಿ. ಚಳಿಗಾಲದಲ್ಲಿ ತಣ್ಣಗಾದ ಚಪಾತಿಗಿಂತ ಬಿಸಿ ಊಟ ಅವಳಿಗೆ ಹಿಡಿಸಲೂಬಹುದು.

ಪ್ರಶ್ನೆ: ಬೆಂಗಳೂರಿನ ನಮ್ಮ ಶಾಲೆ ಈ ವರ್ಷದಿಂದ ಡಬ್ಬಿಯೇ ಬೇಡ, ಶಾಲೆಯ ಊಟವೇ ಕಡ್ಡಾಯ ಅನ್ನುತ್ತಿದೆ. ಬೇರೆ ಫೀಸು. ಮಗನಿಗೆ ಅಲ್ಲಿನ ಊಟ ಸೇರಲ್ಲ.

ಉತ್ತರ: ಅಮೆರಿಕದ ಷಿಕಾಗೋದಲ್ಲಿ ಒಂದು ಶಾಲೆ ಇದನ್ನು ಮಾಡಿ 2011ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮನೆ ಡಬ್ಬಿಯಲ್ಲಿ ಚಿಪ್ಸು, ಸೋಡಾ ಬರುತ್ತೆ ಅನ್ನುವುದು ಶಾಲೆಯ ಕಾರಣ. ವರದಿಗಾರರು ಹೋಗಿ ನೋಡಿದರೆ ಶಾಲೆಯ ಊಟವನ್ನು ಮಕ್ಕಳು ಕಸದ ಬುಟ್ಟಿಗೆ ಹಾಕುತ್ತಿದ್ದರು. ಊಟ ಎಷ್ಟೇ ಪೌಷ್ಟಿಕ ಇರಲಿ, ಬುಟ್ಟಿಗೆ ಹೋದರೆ ಸೊನ್ನೆ.

ಶಾಲೆಯನ್ನು ಮೂರು ವಿಷಯ ಕೇಳಿ. ಅಡುಗೆ ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಥವಾ ನೋಂದಣಿ ಇದೆಯಾ? 2020ರ ನಿಯಮದಂತೆ ಅದು ಇರಲೇಬೇಕು. ಪೋಷಕರು ಒಂದು ದಿನ ಬಂದು ಮಕ್ಕಳ ಜೊತೆ ಕೂತು ಉಣ್ಣಬಹುದಾ? ವೈದ್ಯಕೀಯ ಕಾರಣ ಇದ್ದರೆ ಡಬ್ಬಿಗೆ ವಿನಾಯಿತಿ ಇದೆಯಾ? ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ನಿಮಗೆ ಬೇಕಾದದ್ದು ಗೊತ್ತಾಗುತ್ತದೆ. ಹತ್ತು ಪೋಷಕರು ಒಟ್ಟಿಗೆ ಕೇಳಿ. ಒಬ್ಬರೇ ಹೋದರೆ ತಕರಾರು ಅನ್ನಿಸಿಕೊಳ್ಳುತ್ತದೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ದಿನಾ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು ಬಿಟ್ಟರೆ ಬೇರೇನೂ ತರುವುದಿಲ್ಲ. ಎಲ್ಲರೂ ಪೋಷಕರ ಪರ ಬರೆಯುತ್ತೀರಿ. ಕಣ್ಣೆದುರು ಇದನ್ನು ನೋಡಿಕೊಂಡು ನಾವು ಸುಮ್ನೆ ಇರಬೇಕಾ?

ಉತ್ತರ: ಸುಮ್ಮನೆ ಇರಬೇಡಿ ಮೇಡಂ. ನಿಮ್ಮ ಕಣ್ಣಿಗೆ ಬಿದ್ದದ್ದು ಆ ಹುಡುಗನ ಪುಣ್ಯ.

ಆದರೆ ‘ಇದನ್ನ ಯಾಕೆ ತಂದೆ?’ ಅಂತ ಕೇಳಬೇಡಿ. ‘ನಿನ್ನ ಡಬ್ಬಿ ಯಾರು ಕಟ್ಟುತ್ತಾರೆ?’ ಅಂತ ಕೇಳಿ, ಅದೂ ಎಲ್ಲರೂ ಆಟಕ್ಕೆ ಹೋದ ಮೇಲೆ. ಈ ಪ್ರಶ್ನೆಗೆ ‘ನಾನೇ’ ಅನ್ನುವ ಮಕ್ಕಳು ನೀವಂದುಕೊಂಡದ್ದಕ್ಕಿಂತ ಜಾಸ್ತಿ. ಅಮ್ಮ ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ಹೊರಟಿರುತ್ತಾರೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಹುಡುಗ ಅಂಗಡಿಯಿಂದ ಎರಡು ಪ್ಯಾಕೆಟ್ ತಂದು ಡಬ್ಬಿಯಲ್ಲಿ ಜೋಡಿಸಿಕೊಳ್ಳುತ್ತಾನೆ. ಹಾಗಿದ್ದರೆ ನೀವು ಡೈರಿಯಲ್ಲಿ ಬರೆಯುವ ನೋಟು ಯಾರಿಗೆ ತಲುಪುತ್ತದೆ ಹೇಳಿ? ಮನೆಯವರಿಗೆ ಫೋನ್ ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ. ಮೊದಲ ಮಾತು ದೂರು ಆಗದಿರಲಿ. ‘ನಿಮ್ಮ ಹುಡುಗ ಲೆಕ್ಕದಲ್ಲಿ ಚುರುಕಾಗಿದ್ದಾನೆ, ಹನ್ನೆರಡರ ಮೇಲೆ ಸುಸ್ತಾಗುತ್ತಾನೆ’ ಅಂದರೆ ಕೇಳಿಸಿಕೊಳ್ಳುತ್ತಾರೆ. ‘ಬಿಸ್ಕತ್ತು ಯಾಕೆ ಕಳಿಸುತ್ತೀರಿ’ ಅಂದರೆ ಫೋನ್ ಇಡುತ್ತಾರೆ.

ಅವನೇ ಕಟ್ಟಿಕೊಳ್ಳುವುದಾದರೆ ಅವನಿಗೇ ಕಲಿಸಿ. ಒಲೆ ಹಚ್ಚದೆ ಆಗುವಂಥದ್ದು. ಹುರಿಗಡಲೆ, ಬೆಲ್ಲದ ಚೂರು, ಒಂದು ಬಾಳೆಹಣ್ಣು ಇಟ್ಟುಕೊಂಡರೆ ಒಂದು ದಿನ ಆಯಿತು. ಇನ್ನೊಂದು ದಿನ ಮೊಸರವಲಕ್ಕಿ. ದಪ್ಪ ಅವಲಕ್ಕಿಯನ್ನು ಎರಡು ಸಲ ತೊಳೆದು ಹಿಂಡಿ, ಉಪ್ಪು, ಮೊಸರು ಹಾಕಿ ಕಲಸುವುದು. ಮಧ್ಯಾಹ್ನದ ಹೊತ್ತಿಗೆ ಅವಲಕ್ಕಿ ಮೊಸರನ್ನೆಲ್ಲ ಕುಡಿದು ಗಟ್ಟಿಯಾಗಿರುತ್ತದೆ. ಅದಕ್ಕೇ ಮನೆಯವರು ಕಾಯಿಸಿಟ್ಟು ಆರಿದ ಹಾಲು ಅರ್ಧ ಲೋಟ ಜಾಸ್ತಿ ಹಾಕಿ, ತೆಳ್ಳಗೆ ಕಾಣುವಷ್ಟು ಕಲಸಲು ಹೇಳಿ. ನೋಡಿದರೆ ಗಂಜಿ ಥರ ಇದೆಯಲ್ಲ ಮಿಸ್ ಅನ್ನುತ್ತಾನೆ. ಮಧ್ಯಾಹ್ನ ಸರಿ ಹೋಗುತ್ತೆ ಅನ್ನಿ. ಚಮಚ ಮರೆಯದೆ ಇಟ್ಟುಕೊಳ್ಳಲಿ.